ಸದ್ದೋ, ಮಿಷನ್ನೋ?

ನಮ್ಮ ಮನೆಗೆ ಬರುವವರು ಚಪ್ಪಲಿ ಬಿಡುವ ಕಡೆಯೇ ಫೋನನ್ನೂ ಬಿಡಬೇಕು. ಹಾಗೆಂದು ಬೋರ್ಡೇನೂ ತೂಗುಹಾಕಿಲ್ಲ. ಗ್ರಿಲ್ಲಿನ ಒಳಗೆ, ಬಾಗಿಲಿನ ಹೊರಗೆ, ಗೋಡೆಯಲ್ಲಿ ಒಂದು ದಪ್ಪ ಮೊಳೆ ಇದೆ. ಮೊಳೆಗೆ ಒಂದು ಬಟ್ಟೆಯ ಚೀಲ. ಗಾರ್ಮೆಂಟ್ಸಿನಲ್ಲಿ ಉಳಿದ ಚೂರುಬಟ್ಟೆಗಳನ್ನು ಜೋಡಿಸಿ ನಮ್ಮಕ್ಕ ಹೊಲಿದದ್ದು. ಒಂದು ಜೇಬು ನೀಲಿ ಗೀರಿನದು, ಒಂದು ಚೌಕಳಿಯದು, ಇನ್ನೊಂದರ ಮೇಲೆ ಯಾವುದೋ ದೇಶದ ಮಗುವಿನ ಅಂಗಿಯಾಗಬೇಕಾಗಿದ್ದ ಆನೆಮರಿ. ಆನೆಮರಿಯ ಜೇಬು ನನ್ನದು. ಮೀಸೆ ನರೆಯುತ್ತಿರುವ ಗಂಡಸಿಗೆ ಇದು ಬೇಕಿತ್ತೇ ಎಂದು ನೀವು ಕೇಳಬಹುದು. ಜೇಬು ಹಂಚಿದವಳು ಅಕ್ಕ; ಅವಳನ್ನೇ ಕೇಳಿ.

ಹೊಸಬರು ಮೊದಲು ನಗುತ್ತಾರೆ. ನನ್ನ ಹೆಂಡತಿಯ ಸೋದರಮಾವ ಮೊದಲ ಸಲ ಬಂದಾಗ, "ಇದೇನಪ್ಪಾ, ನಿಮ್ಮನೆ ಕೋರ್ಟಾ, ದೇವಸ್ಥಾನಾನಾ?" ಎಂದು ತಮಾಷೆ ಮಾಡುತ್ತಲೇ ಫೋನಿಟ್ಟರು. ಹೋಗುವಾಗ ಅದನ್ನು ಮರೆತು ಹೋದರು. ಅವರ ಬಸ್ಸನ್ನು ನಾನು ಸ್ಕೂಟರಿನಲ್ಲಿ ಚಂದಾಪುರ ವೃತ್ತದವರೆಗೆ ಬೆನ್ನಟ್ಟಬೇಕಾಯಿತು. ಗ್ಯಾಸ್ ಸಿಲಿಂಡರ್ ತರುವವನಿಗಂತೂ ರೂಢಿಯಾಗಿಬಿಟ್ಟಿದೆ. ಹೆಗಲ ಮೇಲೆ ಸಿಲಿಂಡರ್ ಇದ್ದರೂ ಒಂದು ಕೈಯಲ್ಲಿ ಫೋನು ತೆಗೆದು ಚೌಕಳಿ ಜೇಬಿಗೆ ಇಳಿಸಿಯೇ ಒಳಗೆ ಬರುತ್ತಾನೆ.

ನಿಜ ಹೇಳಬೇಕೆಂದರೆ ಈಗ ಇದರ ಅಗತ್ಯವೇ ಇಲ್ಲ. ಅಕ್ಕನ ಕಿವಿಯ ಮಿಷನ್ನು ಹೊಸದು, ಫೋನಿಗೆಲ್ಲ ಹೆದರುವುದಿಲ್ಲ. ಫೋನುಗಳೂ ಹಳೆಯವುಗಳಂತೆ ಗುರುಗುಟ್ಟುವುದಿಲ್ಲ. ಮೊನ್ನೆ ಚೀಲ ಒಗೆಯಲೆಂದು ತೆಗೆದಾಗ ಮೊಳೆಯೂ ಕಳಚಿ ಕೈಗೆ ಬಂತು. ತೂತಿಗೆ ಕಡ್ಡಿ ತುರುಕಿ ಸುತ್ತಿಗೆಯಿಂದ ಹೊಡೆಯುತ್ತಿದ್ದೆ. ಹೆಂಡತಿ, "ಇನ್ನೂ ಯಾಕ್ರೀ ಇದು? ತೆಗೆದು ಒಂದು ಕ್ಯಾಲೆಂಡರ್ ಹಾಕಿ" ಎಂದಳು. ಒಳಗಿನಿಂದ ಅಕ್ಕ, "ಇರ್ಲಿ ಬಿಡೇ, ಅದು ಅವನ ಮೊಳೆ" ಎಂದಳು. ಅವಳು ಅಂದದ್ದು ಅಷ್ಟೇ. ನನ್ನ ಸುತ್ತಿಗೆ ಮಾತ್ರ ಹೆಬ್ಬೆರಳ ಮೇಲೆ ಬಿತ್ತು.

ಅಕ್ಕನ ಹೆಸರು ಸರೋಜ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅವಳ ಎಡಗಿವಿಯನ್ನು ಪೂರ್ತಿ ಕೊಂಡುಹೋಯಿತು. ಬಲಗಿವಿಯಲ್ಲಿ ಚೂರುಪಾರು ಬಿಟ್ಟುಹೋಯಿತು. ಆನೇಕಲ್ಲಿನ ಆಚೆ ನಮ್ಮೂರು. ಅಲ್ಲಿಯ ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಪಾಠ ಮಾಡುತ್ತಿದ್ದರು. ಬೆನ್ನು ತಿರುಗಿಸಿದವರ ಮಾತು ಅಕ್ಕನಿಗೆ ಸಿಗುವುದಿಲ್ಲ. ಮೂರನೇ ತರಗತಿಗೆ ಅವಳು ಶಾಲೆ ಬಿಟ್ಟಳು. ನಾನು ಏಳನೆಯವರೆಗೆ ಹೋದೆ. ನನಗೆ ಎಲ್ಲವೂ ಕೇಳಿಸುತ್ತಿತ್ತು, ಆದರೂ ಏನೂ ತಲೆಗೆ ಹೋಗಲಿಲ್ಲ. ನಮ್ಮಿಬ್ಬರಲ್ಲಿ ಕಿವುಡರು ಯಾರು ಎಂದು ಅಮ್ಮ ಆಗಾಗ ಕೇಳುತ್ತಿದ್ದಳು.

ಆ ದಿನಗಳದ್ದು ಒಂದು ನೆನಪು ಹೇಳಬೇಕು. ನಮ್ಮ ಕಡೆ, ಯಾರಾದರೂ ಮಾತಾಡುತ್ತಿರುವಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಅನ್ನುತ್ತಾರಲ್ಲ, ಅಮ್ಮನೂ ಅತ್ತೆಯೂ ತಕ್ಷಣ ಬಗ್ಗಿ ಬೆರಳ ತುದಿಯಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದರು. ಅಕ್ಕನಿಗೆ ಹಲ್ಲಿಯ ಸದ್ದು ಕೇಳಿಸುತ್ತಿರಲಿಲ್ಲ. ದೊಡ್ಡವರು ಮಾತಿನ ನಡುವೆ ಇದ್ದಕ್ಕಿದ್ದಂತೆ ನೆಲ ತಟ್ಟುವುದು ಮಾತ್ರ ಕಾಣುತ್ತಿತ್ತು. ಮಾತಾಡುವುದೆಂದರೆ ಹೀಗೆಯೇ, ನಡುನಡುವೆ ನೆಲ ತಟ್ಟಬೇಕು ಎಂದು ಅವಳು ತಿಳಿದಿದ್ದಳು. ಎಲ್ಲರೂ ತಟ್ಟಿ ಕೈ ತೆಗೆದ ಮೇಲೆ ಅವಳು ತಟ್ಟುತ್ತಿದ್ದಳು. ಕೆಲವು ಸಲ ಹಲ್ಲಿ ಇಲ್ಲ, ಏನಿಲ್ಲ, ತನ್ನ ಮಾತು ಮುಗಿಯಿತೆಂದು ತಾನೇ ತಟ್ಟುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು, ಸ್ವಲ್ಪ ತಡವಾಗಿ.

ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೂ ಚಂದಾಪುರಕ್ಕೆ ಬಂದೆವು. ಒಂದು ವಠಾರದಲ್ಲಿ ಶೀಟಿನ ಮಾಡಿನ ಒಂದೇ ಕೋಣೆ. ಪಕ್ಕದ ಕೋಣೆಯಲ್ಲಿ ರತ್ನಮ್ಮ ಎಂಬ ಹೆಂಗಸು, ವಠಾರಕ್ಕೆಲ್ಲ ಅವರೇ ಪೊಲೀಸು, ಅವರೇ ಪುರೋಹಿತರು. ಅಕ್ಕ ಬೊಮ್ಮಸಂದ್ರದ ಕಡೆ ಒಂದು ಗಾರ್ಮೆಂಟ್ಸಿಗೆ ಸೇರಿ ಕಾಲರ್ ಹೊಲಿಯತೊಡಗಿದಳು. ನಾನು ವ್ಯಾನು ಓಡಿಸತೊಡಗಿದೆ. ಸಿಂಗಸಂದ್ರದಿಂದ ಈಚೆಗೆ ಅಲ್ಲಲ್ಲಿ ನಿಂತವರನ್ನು ತುಂಬಿಕೊಂಡು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಗೆ ಬಿಡುವ ಕೆಲಸ. ಹೊಸೂರು ರಸ್ತೆಯ ಮೇಲುಸೇತುವೆಯನ್ನು ಆಗ ಇನ್ನೂ ಕಟ್ಟುತ್ತಿದ್ದರು. ಆ ಧೂಳಿನಲ್ಲಿ ಗಾಡಿ ಓಡಿಸುವುದಕ್ಕಿಂತ ನಿಲ್ಲಿಸಿಕೊಂಡಿರುವುದೇ ಹೆಚ್ಚು.

ಅಕ್ಕನ ಕಾರ್ಖಾನೆಯಲ್ಲಿ ಒಮ್ಮೆ ಕಿವಿ ತಪಾಸಣೆಯ ಶಿಬಿರ ಮಾಡಿದರು. ಅವಳ ಬಲಗಿವಿಗೆ ಒಂದು ಮಿಷನ್ನು ಸಿಕ್ಕಿತು. ಕಿವಿಯ ಹಿಂದೆ ಗೋಡಂಬಿಯಂತೆ ಕೂರುವ, ಮಣ್ಣಿನ ಬಣ್ಣದ್ದು. ಬೆರಳಲ್ಲಿ ತಿರುಗಿಸುವ ಒಂದು ಪುಟ್ಟ ಚಕ್ರ. ಹೊಲಿಗೆಯ ಮಿಷನ್ನುಗಳೆಲ್ಲ ಒಟ್ಟಿಗೆ ಕೂಗುವ ಕಡೆ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಅದು ಮನೆಯ ಒಡವೆಯಾಯಿತು. ಸಂಜೆ ಬಂದು ಕೈಕಾಲು ತೊಳೆದು, ಬೇರೆ ಹೆಂಗಸರು ಹೂ ಮುಡಿಯುವ ಹಾಗೆ, ಅಕ್ಕ ಮಿಷನ್ನು ಹಾಕಿಕೊಳ್ಳುತ್ತಿದ್ದಳು.

ಆ ಮೊದಲ ದಿನಗಳನ್ನು ನೀವು ನೋಡಬೇಕಿತ್ತು. ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿಯುವುದನ್ನು ಕೇಳುತ್ತಾ ನಿಂತು ಸಾಸಿವೆ ಸೀದುಹೋಗುತ್ತಿತ್ತು. "ಲೋ ನಾಗ, ನೀನು ಇಷ್ಟು ಸದ್ದು ಮಾಡ್ಕಂಡು ಉಣ್ತೀಯೇನೋ? ಎಮ್ಮೆ ನೀರು ಕುಡ್ದಂಗೆ!" ಎಂದು ನನ್ನ ಮೇಲೆ ಹೊಸ ಆರೋಪ ಬಂತು. ಆದರೆ ಒಂದು ತೊಂದರೆ. ಮಿಷನ್ನು ತನ್ನದೇ ಸದ್ದನ್ನೂ ಮಾಡುತ್ತದೆ. ಕೂದಲು ತಾಗಿದರೆ ಸರಸರ, ಕೈ ಹತ್ತಿರ ತಂದರೆ ಕೀಂ. ಯಾವುದು ಲೋಕದ ಸದ್ದು, ಯಾವುದು ಮಿಷನ್ನಿನದು ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಏನು ಕೇಳಿಸಿದರೂ ನನ್ನ ಕಡೆ ತಿರುಗಿ, "ಸದ್ದೋ, ಮಿಷನ್ನೋ?" ಎನ್ನುವಳು.

"ಸದ್ದು ಕಣಕ್ಕ. ಮೇಲೆ ಕಾಗೆ ನಡೀತಿದೆ, ಶೀಟಿನ ಮೇಲೆ."

"ಇದು?"

"ಅದು ಮಿಷನ್ನು. ನಿನ್ನ ಸೆರಗು ತಾಗ್ತಿದೆ."

ಹೀಗೆ ಲೋಕದ ಸದ್ದುಗಳಿಗೆ ನಾನು ಸಾಕ್ಷಿಯಾದೆ. ಏಳನೇ ತರಗತಿಯವನ ಮಾತನ್ನು ಇಷ್ಟು ಗೌರವದಿಂದ ಕೇಳಿದವರು ಮೊದಲು ಯಾರೂ ಇರಲಿಲ್ಲ. ನಾನು ಹೇಳಿದರೆ ಮುಗಿಯಿತು, ತಲೆಯಾಡಿಸಿ ನೆನಪಿಟ್ಟುಕೊಳ್ಳುವಳು.

ಆಮೇಲೆ ನಾನು ಫೋನು ಕೊಂಡೆ. ಸೋಪಿನಷ್ಟು ದಪ್ಪದ, ಗುಂಡಿಗಳ ಫೋನು. ಅಂಗಿಯ ಜೇಬಿನಲ್ಲಿಟ್ಟುಕೊಂಡರೆ ಎದೆ ತಾನಾಗಿಯೇ ಮುಂದೆ ಬರುತ್ತಿತ್ತು. ಆ ಕಾಲದ ಫೋನಿನ ಒಂದು ಗುಣ ನಿಮಗೆ ನೆನಪಿರಬಹುದು: ರೇಡಿಯೋದ ಹತ್ತಿರ ಇಟ್ಟರೆ, ಅದು ಹೊಡೆದುಕೊಳ್ಳುವ ಮೊದಲೇ ರೇಡಿಯೋ ಟಿಟಿಟಿಕ್, ಟಿಟಿಟಿಕ್, ಗುರ್ರ್ ಎಂದು ಒದ್ದಾಡುವುದು. ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ ಫೋನಿಟ್ಟ ಮೊದಲ ದಿನವೇ ನನಗೆ ಇದು ಗೊತ್ತಾಯಿತು. ಫೋನು ಟವರಿನ ಜೊತೆ ಮಾತಾಡುವಾಗ ಪಕ್ಕದಲ್ಲಿ ಕೇಳಿಸಿಕೊಳ್ಳುವ ಯಂತ್ರ ಯಾವುದಿದ್ದರೂ ಅದರ ಕಿವಿಯಲ್ಲೇ ಕಿರುಚಿದಂತೆ. ತೆಗೆದು ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡರೆ ರೇಡಿಯೋ ತೆಪ್ಪಗಾಗುತ್ತಿತ್ತು. ಒಂದು ಗೇಣು ದೂರಕ್ಕೆ ಜಗಳ, ಒಂದು ಮಾರು ದೂರಕ್ಕೆ ಸ್ನೇಹ. ಇನ್ನೊಂದು ವಿಷಯವನ್ನೂ ಕಂಡುಕೊಂಡಿದ್ದೆ: ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಟವರು ಸರಿಯಾಗಿ ಸಿಗದ ಕಡೆ, ಗುರುಗುಡುವಿಕೆ ಇನ್ನೂ ಜೋರು. ಜೊತೆಯವರು ದೂರ ಹೋದಷ್ಟೂ ನಾವು ಗಂಟಲೇರಿಸಿ ಕೂಗುತ್ತೇವಲ್ಲ, ಹಾಗೆ. ನಮ್ಮ ಶೀಟಿನ ಮನೆಯಲ್ಲೂ ಟವರು ಅಷ್ಟಕ್ಕಷ್ಟೇ.

ಇದನ್ನೆಲ್ಲ ಯಾಕೆ ವಿವರಿಸುತ್ತಿದ್ದೇನೆಂದರೆ, ಮುಂದೆ ಆದದ್ದು ಗೊತ್ತಿಲ್ಲದೆ ಆದದ್ದಲ್ಲ. ನನಗೆ ಎಲ್ಲ ಗೊತ್ತಿತ್ತು.

ವ್ಯಾನಿನಲ್ಲಿ ನನ್ನ ಸೀಟಿನ ಹಿಂದೆ ಶೋಭಾ ಎಂಬ ಹುಡುಗಿ ಕೂರುತ್ತಿದ್ದಳು, ಸಿಂಗಸಂದ್ರದವಳು. ರೇಡಿಯೋ ಟಿಕ್‌ಟಿಕ್ ಎಂದಾಗಲೆಲ್ಲ, "ಫೋನ್ ಬರತ್ತೆ ನೋಡಿ" ಎಂದು ಮೊದಲೇ ಹೇಳಿ ಎಲ್ಲರನ್ನೂ ನಗಿಸುವಳು. ಎಲ್ಲರೂ ನನ್ನನ್ನು ಡ್ರೈವರಣ್ಣ ಅನ್ನುತ್ತಿದ್ದರು, ಅವಳೂ. ಯಾವತ್ತೋ ಒಂದು ದಿನದಿಂದ ಅವಳು ಮಾತ್ರ 'ಅಣ್ಣ' ಬಿಟ್ಟು 'ರೀ' ಅನ್ನತೊಡಗಿದಳು. ಗೇರು ಹಾಕುವುದು ಮರೆತೆ. ಆಮೇಲೆ ಮೆಸೇಜುಗಳು ಶುರುವಾದವು. 'ಊಟ ಆಯ್ತಾ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಕಳಿಸುವಳು. ಅದನ್ನು ಕೂಡಿಸಿಕೊಂಡು ಓದಿ, ಒಂದೊಂದು ಅಕ್ಷರಕ್ಕೆ ಗುಂಡಿಯನ್ನು ಮೂರು ಮೂರು ಸಲ ಒತ್ತಿ 'ಆಯ್ತು' ಎಂದು ಕಳಿಸುವ ಹೊತ್ತಿಗೆ ಇನ್ನೊಂದು ಊಟದ ಸಮಯ ಬರುತ್ತಿತ್ತು.

ಮೆಸೇಜು ಬರುತ್ತಿದ್ದುದು ಸಂಜೆ, ನಾನು ಅಕ್ಕನ ಪಕ್ಕ ಊಟಕ್ಕೆ ಕೂತಾಗ. ಅಕ್ಕನಿಗೆ ಇನ್ನೂ ಮದುವೆಯಾಗಿರಲಿಲ್ಲ. ನೋಡಲು ಬಂದವರು ಕಿವಿಯ ಹಿಂದಿನ ಗೋಡಂಬಿ ಕಂಡು ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಅಂಥವಳ ಎದುರು ತಮ್ಮ ಒಂದು ಹುಡುಗಿಯ ಮೆಸೇಜು ಓದುವುದುಂಟೇ? ಫೋನಿನ ಗಂಟೆ ನಿಲ್ಲಿಸಿ, ಬರೀ ನಡುಗುವಂತೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡೆ. ಲೋಕಕ್ಕೆ ಅದು ಮೂಕವಾಯಿತು. ಅಕ್ಕನ ಕಿವಿಗೆ ಮಾತ್ರ ಡಂಗುರ.

ಮೊದಲ ಸಲ ಅವಳು ತುತ್ತು ಕೆಳಗಿಟ್ಟು ಬೆಚ್ಚಿಬಿದ್ದಳು. "ಏನೋ ಅದು, ಲೊಚಲೊಚ ಗುರ್ ಅಂತೈತೆ? ಸದ್ದೋ, ಮಿಷನ್ನೋ?"

"ಹಲ್ಲಿ ಕಣಕ್ಕ" ಎಂದೆ.

ಯಾಕೆ ಹಾಗಂದೆನೋ ಗೊತ್ತಿಲ್ಲ. ಬಾಯಿಗೆ ಬಂದದ್ದು ಅದು. ಅಕ್ಕನ ಮುಖ ಅರಳಿತು. "ಹಲ್ಲಿ ಇಂಗೆ ಕೂಗ್ತದಾ!" ಎಂದು ಸುತ್ತ ಗೋಡೆಗಳನ್ನು ನೋಡಿದಳು. ಹಲ್ಲಿ ಕಾಣಲಿಲ್ಲ. ಆದರೂ ಎಡಗೈ ಬೆರಳಿನಿಂದ ನೆಲ ತಟ್ಟಿ, "ಕೃಷ್ಣ ಕೃಷ್ಣ" ಎಂದಳು. ಅಷ್ಟು ವರ್ಷ ಆದಮೇಲೆ ಅರ್ಥವಾಯಿತೆಂಬ ಸಂತೋಷ ಅವಳಿಗೆ. ನನ್ನ ಜೇಬಿನಲ್ಲಿ ಶೋಭಾ ಊಟ ಆಯ್ತಾ ಎಂದು ಕೇಳುತ್ತಿದ್ದಳು.

ಹಲ್ಲಿ ಎಷ್ಟು ದಿನ ನಡೆಯುತ್ತದೆ? ಆಮೇಲಾಮೇಲೆ "ಮಿಷನ್ನು" ಅನ್ನತೊಡಗಿದೆ. ಅಕ್ಕ ವಾರದ ರಜೆಯಲ್ಲಿ ಬಸ್ಸು ಬದಲಿಸಿಕೊಂಡು ಪೇಟೆಯ ಅಂಗಡಿಗೆ ಹೋಗಿ ತೋರಿಸಿ ಬಂದಳು. ಅವರು ಮಿಷನ್ನು ಚೆನ್ನಾಗಿದೆ ಎಂದು ಒರೆಸಿ ಕೊಟ್ಟರು. ಇನ್ನೊಮ್ಮೆ ಹೋದಳು, ಮತ್ತೆ ಒರೆಸಿ ಕೊಟ್ಟರು. ಅವತ್ತು ಬಂದು ಚೀಲವನ್ನು ಕೆಳಗಿಟ್ಟು, "ಮಿಷನ್ನು ಸರಿಯಾಗೈತಂತೆ ಕಣೋ. ಅಂಗಾದ್ರೆ ನನ್ ತಲೇಲೇ ಏನೋ ಆಗೈತೆ" ಎಂದಳು. ನಾನು ತಟ್ಟೆ ನೋಡುತ್ತಾ ಕೂತೆ. ಇಷ್ಟು ವರ್ಷಗಳಲ್ಲಿ ನಾನು ಆಡಿದ ಸುಳ್ಳುಗಳಿಗಿಂತ ಅವತ್ತು ಆಡದೆ ಇದ್ದ ಆ ಒಂದು ಮಾತು ನನ್ನನ್ನು ಹೆಚ್ಚು ಕಾಡಿದೆ.

ಹಾಗೆಂದು ಏನೂ ಮಾಡಲಿಲ್ಲವೆಂದಲ್ಲ. ಒಪ್ಪಿಕೊಳ್ಳದೆ ಸರಿಪಡಿಸುವ ದಾರಿ ಹುಡುಕಿದೆ, ಕಳ್ಳ ವಿಜ್ಞಾನಿಯಂತೆ. ಅಕ್ಕನ ಹುಬ್ಬೇ ನನ್ನ ಮೀಟರು. ಗಂಟಿಕ್ಕಿದರೆ ಸದ್ದಿದೆ, ಸಡಿಲಾದರೆ ಇಲ್ಲ. ಬಿಸ್ಕತ್ತಿನ ಬೆಳ್ಳಿ ಹಾಳೆಯನ್ನು ಫೋನಿಗೆ ಸುತ್ತಿದೆ, ಹುಬ್ಬು ಗಂಟಾಯಿತು. ಸ್ಟೀಲಿನ ಅಕ್ಕಿ ಡಬ್ಬದಲ್ಲಿಟ್ಟು ಬಿಗಿಯಾಗಿ ಮುಚ್ಚಿದೆ. ಹುಬ್ಬು ಸಡಿಲಾಯಿತು, ಆದರೆ ಮಾರನೆಯ ಬೆಳಿಗ್ಗೆ ವ್ಯಾನಿನಲ್ಲಿ ವಿಚಾರಣೆ.

"ನಿನ್ನೆ ಯಾಕ್ರೀ ಸಿಗಲಿಲ್ಲ?"

"ಅಕ್ಕಿ ಡಬ್ಬದಲ್ಲಿತ್ತು."

"ಯಾರು, ನೀವಾ?"

ಮುಚ್ಚಳ ಸ್ವಲ್ಪ ಸಡಿಲ ಮಾಡಿ ನೋಡಿದೆ. ಟವರಿಗಾಗಿ ಒಳಗಿಂದ ಅದು ಎಂಥ ಬೊಬ್ಬೆ ಹಾಕಿತೆಂದರೆ ಅಕ್ಕ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು. ಕೊನೆಗೆ ಸುಲಭದ ಉಪಾಯ ಸಿಕ್ಕಿತು. ಮಿಷನ್ನು ಇರುವುದು ಬಲಗಿವಿಗೆ. ನಾನು ಎಡಕ್ಕೆ ಕೂತರೆ, ನಡುವೆ ಅವಳ ತಲೆಯೇ ಅಡ್ಡ, ದೂರವೂ ಒಂದಷ್ಟು ಹೆಚ್ಚು. ಗುರುಗುಡುವಿಕೆ ತಗ್ಗಿತು. ಅಕ್ಕ ತೋಳು ಹಿಡಿದು ಎಳೆದಳು. "ಈ ಕಡೆ ಬಾರೋ. ಆ ಕಡೆ ಕೂತ್ಕಂಡ್ರೆ ನಿನ್ ಮಾತು ಕೇಳಲ್ಲ ನಂಗೆ."

"ಇಲ್ಲೇ ಗಾಳಿ ಬರುತ್ತೆ" ಎಂದೆ.

ಎಷ್ಟೋ ಸಂಜೆ ನಾನು ಅವಳ ಆ ಕಡೆಯೇ ಕೂತು ಉಂಡೆ. ಅವಳು ಪ್ರತಿ ಮಾತಿಗೂ ಪೂರ್ತಿ ತಿರುಗಿ ನನ್ನ ತುಟಿ ನೋಡಬೇಕಾಗುತ್ತಿತ್ತು.

ಅಕ್ಕ ದಡ್ಡಿಯಲ್ಲ. ಕೆಲವು ದಿನಕ್ಕೆ ಅವಳಿಗೊಂದು ವಿಷಯ ಹೊಳೆಯಿತು: ಮಿಷನ್ನು ಕೆಡುವುದು ನಾನು ಹತ್ತಿರ ಇದ್ದಾಗ ಮಾತ್ರ. ಯಾರೇ ಆದರೂ ಮುಂದಿನ ಹೆಜ್ಜೆಗೆ ನನ್ನ ಜೇಬು ನೋಡುತ್ತಿದ್ದರು. ಅಕ್ಕ ನೋಡಿದ್ದು ನನ್ನ ಮುಖ. "ಸೊರಗಿದೀಯ. ರಸ್ತೆ ಮೇಲೆ ತಿರುಗೋನು, ಯಾರ್ದೋ ಕಣ್ಣು ಬಿದ್ದೈತೆ ನಿಂಗೆ. ಅದಕ್ಕೇ ನೀನು ಬಂದ್ರೆ ನನ್ ಮಿಷನ್ನು ಹೆದರ್ತೈತೆ." ರತ್ನಮ್ಮನೂ ಹೌದೆಂದರು. ಮಂಗಳವಾರ ಸಂಜೆ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಅಕ್ಕ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಇಳಿತೆಗೆಯತೊಡಗಿದಳು. "ನಾಯಿ ಕಣ್ಣು, ನರಿ ಕಣ್ಣು, ಹಾದಿ ಕಣ್ಣು, ಬೀದಿ ಕಣ್ಣು..." ಅವಳ ಕೈ ನನ್ನ ಎದೆಯ ಹತ್ತಿರ ಬಂದಾಗ, ಸರಿಯಾಗಿ ಅದೇ ಹೊತ್ತಿಗೆ, ಶೋಭಾಗೆ ನನ್ನ ನೆನಪಾಯಿತು. ಅಕ್ಕ ಕಿವಿ ಹಿಡಿದುಕೊಂಡಳು. "ನೋಡಿದ್ರಾ ರತ್ನಮ್ಮ! ಒದ್ದಾಡ್ತೈತೆ ಅದು, ಬಿಟ್ಟು ಹೋಗಕ್ಕೆ!" ಎಂದು, ಹೆದರಿದ್ದರೂ ಬಿಡದೆ, ಇನ್ನೂ ಜೋರಾಗಿ ಇಳಿತೆಗೆದಳು. ಅವಳ ಹಣೆಯಲ್ಲಿ ಬೆವರು ಮೂಡಿತ್ತು. ನಾನು ಮರದ ಗೊಂಬೆಯಂತೆ ಕೂತಿದ್ದೆ. ಎದೆಯ ಮೇಲೆ ಫೋನು ನಡುಗುತ್ತಿತ್ತು.

ದೃಷ್ಟಿ ತಗಲಿದ್ದರೆ ಮೆಣಸಿನಕಾಯಿ ಬೆಂಕಿಗೆ ಹಾಕಿದಾಗ ಘಾಟು ಬರುವುದಿಲ್ಲ ಅನ್ನುತ್ತಾರೆ. ರತ್ನಮ್ಮನ ನೀರೊಲೆಗೆ ಹಾಕಿದರು. ಬಂದ ಘಾಟಿಗೆ ವಠಾರಕ್ಕೆ ವಠಾರವೇ ಕೆಮ್ಮುತ್ತಾ ಬೀದಿಗೆ ಓಡಿತು. ರತ್ನಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟರು: "ದೃಷ್ಟಿ ಅಲ್ಲ ಬಿಡಮ್ಮ ಇದು. ಬೇರೆ ಏನೋ ಐತೆ ನಿನ್ ತಮ್ಮನ್ ಹತ್ರ."

ಅವತ್ತು ಎಲ್ಲರ ಜೊತೆ ನಾನೂ ನಕ್ಕೆ. ಅಕ್ಕ ನಗಲಿಲ್ಲ. ದೃಷ್ಟಿಯಲ್ಲ ಎಂದರೆ ಉಳಿದದ್ದು ಅವಳ ತಲೆ ಮಾತ್ರ. ಒಳಗೆ ಹೋಗಿ ಮಿಷನ್ನನ್ನು ಅದರ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಟ್ರಂಕಿನಲ್ಲಿ ಅಮ್ಮನ ಸೀರೆಯ ಕೆಳಗೆ ಇಟ್ಟಳು. "ಸಾಕು ಕಣೋ. ನಂಗೆ ಇಲ್ದೆ ಇರೋದೇ ರೂಢಿ" ಎಂದಳು. ಮಾರನೆಯ ದಿನದಿಂದ ಸಾಸಿವೆ ಸೀಯುವುದು ನಿಂತಿತು. ನಾನು ಎಮ್ಮೆಯಂತೆ ಉಂಡರೂ ಕೇಳುವವರಿಲ್ಲ. ಈಗ ನಾನು ಬಲಕ್ಕೆ ಕೂತರೂ ಒಂದೇ, ಎಡಕ್ಕೆ ಕೂತರೂ ಒಂದೇ. ಫೋನಿಗೆ ಪೂರ್ತಿ ಸ್ವಾತಂತ್ರ್ಯ ಬಂತು. ಆ ಸ್ವಾತಂತ್ರ್ಯದಲ್ಲಿ ಬಂದ ಮೆಸೇಜು ಒಂದೂ ರುಚಿಸಲಿಲ್ಲ.

ಒಂದು ಸಂಜೆ ಅಕ್ಕ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ ಅವಳ ಬೆನ್ನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಫೋನು, ಹಲ್ಲಿ, ಶೋಭಾ, ಉಪ್ಪು, ಎಲ್ಲ. ಹೇಳಿ ಮುಗಿಸಿ ಹಗುರವಾದೆ. ಅಕ್ಕ ತಿರುಗಿ, "ಏನಾದ್ರೂ ಅಂದ್ಯಾ?" ಎಂದಳು. ಬೋರ್ಡಿನ ಕಡೆ ತಿರುಗಿ ಪಾಠ ಮಾಡುತ್ತಿದ್ದ ನಮ್ಮ ಮೇಷ್ಟ್ರು ನೆನಪಾದರು. "ಏನಿಲ್ಲ, ರೊಟ್ಟಿ ಚೆನ್ನಾಗಿದೆ ಅಂದೆ" ಎಂದೆ. ಇನ್ನೂ ಒಂದನ್ನೂ ತಿಂದಿರಲಿಲ್ಲ.

ಮುಂದಿನ ಭಾನುವಾರ ಮನಸ್ಸು ಗಟ್ಟಿ ಮಾಡಿದೆ. ಫೋನನ್ನು ಹೊರಗೆ ಒಯ್ದು ರತ್ನಮ್ಮನ ಕೈಗಿಟ್ಟೆ. "ನಂಗ್ಯಾಕಪ್ಪ? ಬಾಂಬಾ?" ಎಂದರು. ನಾನು ಕರೆದಾಗ ಹಸಿರು ಗುಂಡಿ ಒತ್ತಿಕೊಂಡು ಮೆಲ್ಲಗೆ ಒಳಗೆ ಬನ್ನಿ, ಅಷ್ಟೇ ಎಂದೆ. ಟ್ರಂಕು ತೆಗೆದು ಮಿಷನ್ನನ್ನು ಅಕ್ಕನಿಗೆ ಕೊಟ್ಟೆ. ಅವಳು ಅನುಮಾನದಿಂದ ಹಾಕಿಕೊಂಡಳು. ಏಟು ಬೀಳುತ್ತದೆಂದು ಕಾಯುವ ಮಗುವಿನಂತೆ ಹೆಗಲು ಬಿಗಿದಿತ್ತು. ಏನೂ ಆಗಲಿಲ್ಲ. ಹೆಗಲು ಇಳಿಯಿತು.

"ಸುಮ್ನೈತೆ!" ಎಂದಳು.

"ಸುಮ್ನೇ ಇರುತ್ತೆ ಅಕ್ಕ. ಅದು ಯಾವತ್ತೂ ಕೆಟ್ಟಿರಲಿಲ್ಲ. ಸದ್ದು ನನ್ನ ಫೋನಿಂದು" ಎಂದು, ರತ್ನಮ್ಮನನ್ನು ಕರೆದೆ.

ನನ್ನ ಲೆಕ್ಕದಲ್ಲಿ ಅರ್ಧ ಮಾತ್ರ ಒಪ್ಪಿಕೊಳ್ಳುವುದಿತ್ತು. ಫೋನಿನದು ಇವತ್ತು, ಶೋಭಾಳದು ಮುಂದೆಂದಾದರೂ. ಆದರೆ ಹಸಿರು ಗುಂಡಿ ಒತ್ತಿದರೆ ಕೊನೆಯ ಸಲ ಮಾತಾಡಿದವರಿಗೇ ಹೋಗುತ್ತದೆ ಎಂಬುದು ಮಹಾವಿಜ್ಞಾನಿಗೆ ಮರೆತುಹೋಗಿತ್ತು. ರತ್ನಮ್ಮ ಆರತಿ ತಟ್ಟೆ ಹಿಡಿದವರಂತೆ ಫೋನು ಹಿಡಿದು ಹೊಸ್ತಿಲು ದಾಟಿದರು. ಅಕ್ಕನ ಹುಬ್ಬು ಕೂಡಿತು. ಇನ್ನೊಂದು ಹೆಜ್ಜೆ, ಕೈ ಕಿವಿಗೆ ಹೋಯಿತು. ಅಷ್ಟರಲ್ಲಿ ರತ್ನಮ್ಮ ಗಕ್ಕನೆ ನಿಂತು ಫೋನನ್ನು ಕಿವಿಗೆ ಹಿಡಿದರು. "ಅಯ್ಯೋ, ಯಾವ್ದೋ ಹೆಣ್ಮಗು ಕಣಪ್ಪ! 'ಏನ್ರೀ, ಇವತ್ತು ಇಷ್ಟು ಬೇಗ' ಅಂತಾಳೆ! ಏನ್ ಹೇಳ್ಲಿ?"

ಅಕ್ಕ ನನ್ನನ್ನೇ ನೋಡಿದಳು. ಶೋಭಾಳ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಹಲ್ಲಿ ಅಂದ್ಯಲ್ಲೋ?"

"ಸುಳ್ಳು."

"ಉಪ್ಪು ಇಳಿಸ್ದಾಗ?"

"ಜೇಬಲ್ಲೇ ಇತ್ತು."

"ನನ್ ತಲೇಲಿ ಏನೋ ಆಗೈತೆ ಅಂದಾಗ್ಲೂ ನಿಂಗೆ ಗೊತ್ತಿತ್ತಾ?"

ತಲೆಯಾಡಿಸಿದೆ. ಅಕ್ಕ ಬೈಯಲಿಲ್ಲ. ಬೆರಳನ್ನು ಕಿವಿಯ ಹಿಂದೆ ಒಯ್ದು ಚಕ್ರ ತಿರುಗಿಸಿ ಮಿಷನ್ನು ಆರಿಸಿದಳು. ನಾನು ಏನೇನೋ ಹೇಳುತ್ತಿದ್ದೆ. ಅವಳು ಕಣ್ಣನ್ನೂ ಬೇರೆ ಕಡೆ ತಿರುಗಿಸಿದ್ದಳು.

ಅಲ್ಲಿಂದ ಅದೇ ಪದ್ಧತಿಯಾಯಿತು. ಮಿಷನ್ನನ್ನು ಮತ್ತೆ ದಿನವೂ ಹಾಕಿಕೊಂಡಳು, ಆದರೆ ನಾನು ಬಾಯಿ ತೆರೆದರೆ ಬೆರಳು ಚಕ್ರಕ್ಕೆ ಹೋಗುವುದು. ಶೋಭಾ ಮುಂದಿನ ವಾರವೇ ಹೂವು ಹಣ್ಣು ಹಿಡಿದು ಬಂದಳು. ಅವಳಿಗೆ ಮಿಷನ್ನು ಪೂರ್ತಿ ಜೋರು. ಇಬ್ಬರೂ ಸೇರಿ ನನ್ನ ಎದುರಿಗೇ ನನ್ನ ದೋಷಗಳನ್ನು ಎಣಿಸಿಕೊಂಡು ನಗುತ್ತಿದ್ದರು. ನನ್ನ ಹೆಂಡತಿಯಾದ ಮೇಲೂ ಶೋಭಾ ಆ ಎಣಿಕೆ ನಿಲ್ಲಿಸಿಲ್ಲ. "ಸದ್ದೋ, ಮಿಷನ್ನೋ?" ಎಂಬ ಪ್ರಶ್ನೆಯನ್ನು ರತ್ನಮ್ಮನಿಗೆ ಕೇಳುವಳು, ಶೋಭಾಗೆ ಕೇಳುವಳು, ಹಾಲಿನವನಿಗೂ ಕೇಳಿದ್ದಳು. ನನಗಿಲ್ಲ. ಸಾಕ್ಷಿಯ ಕೆಲಸ ಹೋಗಿತ್ತು.

ಮೊಳೆ ಹೊಡೆದದ್ದು ಆ ದಿನಗಳಲ್ಲೇ. ಅದೂ ಮಾತಿಲ್ಲದ ಕೆಲಸ. ಅಕ್ಕ ಕೋಣೆಯ ನಡುವೆ ನಿಂತಳು. ನಾನು ಫೋನು ಹಿಡಿದು ಜಾಗ ಹುಡುಕಿದೆ. ಅಡುಗೆಯ ಮೂಲೆ, ಹುಬ್ಬು ಗಂಟು. ಕಿಟಕಿ, ಅರ್ಧ ಗಂಟು. ಹೊಸ್ತಿಲು ದಾಟಿ ಹೊರಗೋಡೆಗೆ ಹಿಡಿದರೆ ಟವರೂ ಚೆನ್ನಾಗಿ ಸಿಕ್ಕಿ ಫೋನು ಮೆಲುದನಿಗೆ ಇಳಿಯಿತು, ದೂರವೂ ಸಾಕಾಯಿತು, ಹುಬ್ಬು ಬಿಚ್ಚಿತು. ಅಕ್ಕ ಸುತ್ತಿಗೆಯನ್ನು ನನ್ನ ಕಡೆ ತಳ್ಳಿದಳು. ಮೊಳೆಗೆ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿಸಿ ಫೋನು ಹಾಕಿದೆ. ಬಟ್ಟೆಯ ಚೀಲ ಆಮೇಲಿನದು; ಈಗಿನ ಮನೆಗೆ ಬರುವಾಗ ಮೊಳೆಯನ್ನೂ ಕಿತ್ತು ತಂದೆವು. ಅಂದಿನಿಂದ ಮನೆಗೆ ಬಂದರೆ ಶೋಭಾ ಆದಿಯಾಗಿ ಯಾರೇ ಕರೆದರೂ ಹೊರಗೇ. ನಾನು ಅಕ್ಕನ ಬಲಕ್ಕೆ ಕೂತು ಉಣ್ಣತೊಡಗಿದೆ. ಕೇಳುವ ಕಿವಿಯ ಪಕ್ಕ ಕೂತರೂ ಕೇಳಿಸಿಕೊಳ್ಳುವವರಿರಲಿಲ್ಲ, ಅಷ್ಟೇ.

ಒಂದು ಸಂಜೆ ಊಟದ ನಡುವೆ ಕರೆಂಟು ಹೋಯಿತು. ಫ್ಯಾನು ನಿಂತಿತು, ವಠಾರದ ಟೀವಿಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಅಕ್ಕ ದೀಪ ಹಚ್ಚಿ ತಂದು ಕೂತಳು. ಆ ನಿಶ್ಶಬ್ದದಲ್ಲಿ, ಟ್ಯೂಬ್‌ಲೈಟಿನ ಪಟ್ಟಿಯ ಹಿಂದಿನಿಂದ, ಲೊಚ್ ಲೊಚ್ ಲೊಚ್.

ಅಕ್ಕನ ಕೈ ತಟ್ಟೆಯ ಮೇಲೆ ನಿಂತಿತು. ರತ್ನಮ್ಮನ ಗೋಡೆಯ ಕಡೆ ನೋಡಿದಳು. ಶೋಭಾ ಅವತ್ತು ಬಂದಿರಲಿಲ್ಲ. ಕೊನೆಗೆ ನನ್ನ ಮುಖ ನೋಡದೆ, ತಟ್ಟೆಗೆ ಹೇಳುವಂತೆ, ಮೆಲ್ಲಗೆ ಕೇಳಿದಳು: "ಸದ್ದೋ, ಮಿಷನ್ನೋ?"

ಉತ್ತರ ನನಗೆ ಗೊತ್ತಿತ್ತು, ಆದರೆ ಅದು ನಾನು ಮೊದಲು ಆಡಿದ ಸುಳ್ಳಿನದೇ ಮಾತು. ಲೋಕದಲ್ಲಿ ಅಷ್ಟು ಸದ್ದುಗಳಿದ್ದು, ಅವತ್ತು ಕಾಗೆಯಾದರೂ ಕೂಗಬಾರದಿತ್ತೇ!

"ಸದ್ದು ಕಣಕ್ಕ" ಎಂದೆ. "ಹಲ್ಲಿ."

ಅವಳ ಬೆರಳು ಚಕ್ರದ ಕಡೆ ಹೊರಟಿತು. ನಾನು ಎದ್ದೆ. ಎಂಜಲು ಕೈಯಲ್ಲೇ ಸ್ಟೂಲು ಎಳೆದು, ಹತ್ತಿ, ಎಡಗೈಯಲ್ಲಿ ದೀಪ ಎತ್ತಿ ಟ್ಯೂಬ್‌ಲೈಟಿನ ಹಿಂದೆ ಹಿಡಿದೆ. ಇತ್ತು. ಬಾಲ ತುಂಡಾದ ಒಂದು ಬಡಕಲು ಹಲ್ಲಿ, ಬೆಳಕಿಗೆ ಕಣ್ಣು ಹೊಳೆಸುತ್ತಾ. ಅಕ್ಕ ಸ್ಟೂಲಿನ ಕೆಳಗೆ ಬಂದು ನಿಂತು ಕತ್ತೆತ್ತಿ ನೋಡಿದಳು. ಹಲ್ಲಿಯನ್ನು ಇಷ್ಟು ಬೇಡಿಕೊಂಡವನು ಇನ್ನೊಬ್ಬನಿರಲಾರ: ಇನ್ನೊಂದೇ ಸಲ ತಾಯಿ, ಒಂದೇ ಸಲ.

ಅದರ ಗಂಟಲು ಉಬ್ಬಿತು. ಲೊಚ್ ಲೊಚ್ ಲೊಚ್.

ಅಕ್ಕ ಅದರ ಗಂಟಲು ನೋಡಿದಳು, ತನ್ನ ಕಿವಿ ಮುಟ್ಟಿ ನೋಡಿಕೊಂಡಳು, ಆಮೇಲೆ ನನ್ನ ಮುಖ ನೋಡಿದಳು. ಚಕ್ರಕ್ಕೆ ಹೊರಟಿದ್ದ ಬೆರಳು ಕೆಳಗಿಳಿಯಿತು. ನಾನಿನ್ನೂ ಸ್ಟೂಲಿನ ಮೇಲೆ, ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಸಾರನ್ನ. ಅಕ್ಕ ಬಗ್ಗಿ ನೆಲ ತಟ್ಟಿದಳು. "ಕೃಷ್ಣ ಕೃಷ್ಣ."

ನಾನು ಇಳಿದು ದೀಪ ಇಟ್ಟು ತಟ್ಟುವ ಹೊತ್ತಿಗೆ ತಡವಾಗಿತ್ತು. ಅಕ್ಕ ನಕ್ಕಳು.